ಅಕ್ಕ ಹಿಡಿದ ಹ್ಯಾಂಡಲ್

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಕ್ಯೋಟೋ ಬೀದಿಯಲ್ಲಿ ನನ್ನ ಅಕ್ಕ ಸುಮ್ಮಸುಮ್ಮನೆ ಸೈಕಲ್ ಬೆಲ್ ಹೊಡೆದಳು. ಇಲ್ಲಿ ಅದು ದಾರಿಹೋಕರನ್ನು ಗದರಿಸಿದ ಹಾಗೆ. ಎದುರು ಬಂದವರಿಗೆಲ್ಲ ನಾನು ‘ಸುಮಿಮಾಸೆನ್’, ಕ್ಷಮಿಸಿ, ಎಂದು ತಲೆ ಬಗ್ಗಿಸಿದೆ.

ಸೈಕಲ್ ಪಕ್ಕದ ಮನೆಯ ತನಾಕಾ ಸಾನ್ ಅವರದು. ಎಪ್ಪತ್ತೆಂಟರ ಆಕೆ ಈಜಲು ಹೊರಟಿದ್ದರು. ಮೈಸೂರಿನಿಂದ ಬಂದಾಗಿನಿಂದ ಬಾಲ್ಕನಿಯಲ್ಲಿ ನಿಂತು ಅವರನ್ನೇ ನೋಡುತ್ತಿದ್ದ ಅಕ್ಕ, ಇವತ್ತು ಕೆಳಗಿಳಿದು ಹ್ಯಾಂಡಲ್ ಹಿಡಿದೇಬಿಟ್ಟಿದ್ದಳು.

“ಸೈಕಲ್ ಯಾವಾಗ ಕಲಿತರಂತೆ, ಕೇಳೇ.”

ಅರವತ್ತೈದರಲ್ಲಂತೆ.

“ಮನೇಲಿ ಯಾರೂ ಬೈಲಿಲ್ವಂತಾ?”

ಕೇಳಿದೆ. ತನಾಕಾ ಸಾನ್ ನಕ್ಕರು. “ಬೈದರು. ನಾನು ಅಷ್ಟರಲ್ಲಿ ಮುಂದೆ ಹೋಗಿಬಿಟ್ಟಿದ್ದೆ, ಸರಿಯಾಗಿ ಕೇಳಿಸಲಿಲ್ಲ.”

ಅಕ್ಕನಿಗೆ ಅರವತ್ತೆರಡು. ಹ್ಯಾಂಡಲ್ ಬಿಡದೆ ಅಂದಳು, “ಅಣ್ಣನ ಸೈಕಲ್ ದಿನಾ ಒರೆಸಿ ಕೊಡ್ತಿದ್ದೆ ಕಣೇ. ಹತ್ತೋಕೆ ಒಂದಿನಾನೂ ಬಿಡಲಿಲ್ಲ.”

ಇದನ್ನು ಜಪಾನಿಯಲ್ಲಿ ಹೇಳಲು ಯಾಕೋ ನನಗಾಗಲಿಲ್ಲ. ತನಾಕಾ ಸಾನ್ ಕಾಯಲೂ ಇಲ್ಲ. ಬಗ್ಗಿ, ಸೀಟನ್ನು ಅಕ್ಕನ ಎತ್ತರಕ್ಕೆ ಇಳಿಸಿ ನೋಡಿ, “ನಾಳೆ” ಎಂದರು.

ಮದುವೆಯಾದ ಮೇಲೆ ಸೀರೆ ಬಿಟ್ಟು ಬೇರೇನೂ ತೊಡದ ಅಕ್ಕ ಈಗ ನನ್ನ ಕಪಾಟಿನ ಮುಂದೆ ನಿಂತು, “ಯಾವ ಪ್ಯಾಂಟ್ ನಂಗಾಗತ್ತೆ?” ಅಂತಿದ್ದಾಳೆ. ಸೈಕಲ್ ಹಿಂದೆ ಹಿಡಿದುಕೊಂಡು ಓಡುವ ಕೆಲಸ ನನ್ನದಂತೆ. ನನಗೂ ಸೈಕಲ್ ಬರುವುದಿಲ್ಲ ಎಂದು ತನಾಕಾ ಸಾನ್‌ಗೆ ಇನ್ನೂ ಹೇಳಿಲ್ಲ. ಮೊದಲು ಅಕ್ಕ ಬೀಳಲಿ, ಆಮೇಲೆ ನೋಡೋಣ.