ಮಗಳ ಕೈಯ ಅಳತೆ

ನಾನು ಮೂಡಲಗಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಬಾಜೂ ಮನೆಯ ಕಾಕೂ ತಮ್ಮ ಬಸುರಿ ಮಗಳ ಕುಬಸಕ್ಕೆ ಹಸಿರು ಬಳೆ ತರಲು ನನ್ನನ್ನೂ ಗೋಕಾಕ ಪೇಟೆಗೆ ಕರೆದೊಯ್ದರು. ಅವರದೆಲ್ಲ ಕೈಯಳತೆ, ಹಿಟ್ಟಿಗೆ ಹಿಡಿ, ಅರಿವೆಗೆ ಮೊಳ. ಬಳೆಗಾರ ಅಳತೆ ಕೇಳಿದಾಗ ಕಾಕೂಗೆ ಗೊಂದಲವಾಯಿತು. ಮಗಳ ಕೈಯಂಥ ಕೈ ಹುಡುಕುತ್ತ, ಬೀದಿಯಲ್ಲಿ ಎದುರಾದ ಹೆಣ್ಣುಮಕ್ಕಳನ್ನೆಲ್ಲ ನಿಲ್ಲಿಸಿ, "ಕೈ ಕೊಡವಾ" ಎಂದು ಹಿಡಿದು ನೋಡಿದರು. "ಇದಲ್ಲ ಬಿಡ," ಎಂದು ಬಿಟ್ಟರು. ಚಹಾದಂಗಡಿಯಲ್ಲಿ ಭಜಿ ತಿನ್ನುತ್ತಿದ್ದವಳ ಕೈಯನ್ನೂ ಹಿಡಿದರು.

"ಎಣ್ಣಿ ಹತ್ತೈತ್ರೀ," ಎಂದು ಆಕೆ ನಕ್ಕಳು.

ಪೇಟೆಯೆಲ್ಲ ಸುತ್ತಿ ಮತ್ತೆ ಬಳೆಗಾರನ ಮುಂದೆ ಬಂದೆವು. ಕಾಕೂ ಕಣ್ಣು ಮುಚ್ಚಿ, ಮಗಳ ಕೈ ಹಿಡಿದವರಂತೆ ಬೆರಳು ಮಡಿಚಿದರು. "ಇಷ್ಟ ನೋಡಪಾ."

"ಯವ್ವಾ, ಇದು ಸಾಲಿ ಹುಡುಗಿ ಕೈ ಆತು. ಬಸುರಿಗೆ ಹೆಂಗ ಆಗ್ತಾವ?"

ಕಾಕೂ ಬೆರಳು ಬಿಚ್ಚದೆ ನನ್ನತ್ತ ತಿರುಗಿದರು. "ಆಕಿ ಕೈ ನಾ ಕಡೀ ಸಲ ಯಾವಾಗ ಹಿಡದಿದ್ನೆವಾ?"