ಮಂಡಗದ್ದೆಯಲ್ಲಿ ಕೊನೆಯ ಅಂಕ

ಹೊಲಿಗೆ ಮೆಷಿನ್ನಿನ ಎಣ್ಣೆಗೆ ಒಂದು ವಾಸನೆಯಿದೆ. ಹಳೆಯದಾದಷ್ಟೂ ಕಮಟು ಜಾಸ್ತಿ. ಹೋದ ತಿಂಗಳು ಅಕ್ಕನ ಮೆಷಿನ್ನಿನ ಡ್ರಾಯರು ಎಳೆದಾಗ ಅದು ಮೂಗಿಗೆ ಬಡಿಯಿತು. ಅಕ್ಕ ತೀರಿಕೊಂಡು ಆಗ ಹದಿನೈದು ದಿನವಾಗಿತ್ತು. ಡ್ರಾಯರಿನಲ್ಲಿ ಬಾಬಿನ್ನು, ಮುರಿದ ಸೂಜಿಗಳು, ನೀಲಿ ಪೆನ್ಸಿಲಿನ ತುಂಡು, ಅಂಕಿಗಳೆಲ್ಲ ಮಾಸಿದ ಒಂದು ಹಳದಿ ಟೇಪು. ಎಲ್ಲಕ್ಕಿಂತ ಕೆಳಗೆ, ಮೇಲಿನ ಹಾಳೆ ಕಿತ್ತುಹೋದ ಒಂದು ನಾಟಕದ ಹಾಡಿನ ಪುಸ್ತಕ. ಟೇಪು ಅಲ್ಲಿರುವುದು ನನಗೆ ಗೊತ್ತಿತ್ತು, ಅದನ್ನು ಅಕ್ಕನಿಗೆ ತಂದುಕೊಟ್ಟವಳು ನಾನೇ. ಪುಸ್ತಕ ಮಾತ್ರ... ಎರಡನ್ನೂ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತೆ. ಹೊಲಿಗೆ ಟೀಚರ್ ನೆನಪಾದರು.

ಅರವತ್ತರ ದಶಕ. ತೀರ್ಥಹಳ್ಳಿಯಲ್ಲಿ ಹೆಂಗಸರಿಗೊಂದು ಹೊಲಿಗೆ ತರಗತಿ ಶುರುವಾಗಿ, ಕಲಿಸಲು ಅವರು ಎಲ್ಲಿಂದಲೋ ಬಂದರು. ಒಬ್ಬರೇ ಇದ್ದರು. ಗಂಡ ಎಲ್ಲಿ ಎಂದು ಯಾರೂ ಕೇಳಲಿಲ್ಲ ಎಂದಲ್ಲ, ಕೇಳಿದವರಿಗೆ ಉತ್ತರ ಸಿಗಲಿಲ್ಲ, ಅಷ್ಟೇ. ಉದ್ದ ಕೈ, ದಪ್ಪ ಕನ್ನಡಕ, ಕೊರಳಲ್ಲಿ ಸದಾ ಆ ಹಳದಿ ಟೇಪು. ನನಗಾಗ ಹದಿನೆಂಟು. ಕಾಜಾ ಹೊಲಿಯುವುದರಲ್ಲಿ ತರಗತಿಗೇ ದಡ್ಡಿ ನಾನು. ಆದರೂ ನನ್ನ ಮೇಲೆ ಅವರಿಗೊಂದು ಅಕ್ಕರೆಯಿತ್ತು. ಬಹುಶಃ ನಾನು ಬಾಯಿಬಡುಕಿಯಲ್ಲ ಎಂಬ ಕಾರಣಕ್ಕೆ ಇರಬೇಕು.

ಶಿವಮೊಗ್ಗಕ್ಕೆ ಹುಬ್ಬಳ್ಳಿ ಕಡೆಯ ದೊಡ್ಡ ನಾಟಕ ಕಂಪನಿಗಳು ಬಂದು ತಿಂಗಳುಗಟ್ಟಲೆ ಬಿಡಾರ ಹೂಡುತ್ತಿದ್ದ ಕಾಲ ಅದು. ಭಾನುವಾರ ಮಧ್ಯಾಹ್ನವೂ ಒಂದು ಆಟ ಇರುತ್ತಿತ್ತು. ಟೀಚರಿಗೆ ನಾಟಕವೆಂದರೆ ಪ್ರಾಣ. ಆದರೆ ಮನೆ ಮನೆಗೆ ಹೋಗಿ ಯಜಮಾನರ ಎದುರು ನಾಟಕದ ಹೆಸರೆತ್ತಲಾದೀತೇ? ‘ಶಿವಮೊಗ್ಗದಲ್ಲಿ ಹೊಸ ಕಟಿಂಗ್ ನೋಡಿಕೊಂಡು ಬರಬೇಕು, ನೂಲು ತರಬೇಕು’ ಎನ್ನುತ್ತಿದ್ದರು. ಅದೂ ಪೂರ್ತಿ ಸುಳ್ಳಲ್ಲ. ರಾಣಿ ಪಾತ್ರದವಳ ಬುಗ್ಗೆ ತೋಳಿಗೆ ಎಷ್ಟು ನೆರಿಗೆ ಹಿಡಿದಿದ್ದಾರೆಂದು ನಾವು ಬೆರಳು ಮಡಚಿ ಎಣಿಸುತ್ತಿದ್ದೆವು. ಮುಂದಿನ ವಾರ ಅದೇ ತೋಳು ತೀರ್ಥಹಳ್ಳಿಯ ಬೀದಿಯಲ್ಲಿ ಓಡಾಡುತ್ತಿತ್ತು. ಹೀಗೆ ತಿಂಗಳಿಗೊಮ್ಮೆ ಹತ್ತು ಹನ್ನೆರಡು ಹೆಂಗಸರು ಬುತ್ತಿ ಕಟ್ಟಿಕೊಂಡು, ವಾಂತಿಗೆ ಮದ್ದೆಂದು ನಿಂಬೆಹಣ್ಣು ಹಿಡಿದುಕೊಂಡು ಬೆಳಗಿನ ಬಸ್ಸು ಹತ್ತುತ್ತಿದ್ದೆವು. ಪೇಟೆಯ ಜನಜಂಗುಳಿಯಲ್ಲಿ ಟೀಚರ್ ಕೊರಳ ಹಳದಿ ಟೇಪೇ ನಮಗೆ ಗುರುತು. ನೂಲು ಕೊಂಡ ಶಾಸ್ತ್ರ ಮುಗಿಸಿ ಡೇರೆಗೆ ಓಡುತ್ತಿದ್ದೆವು.

ಒಂದೇ ತೊಡಕು. ಬೋರ್ಡಿನಲ್ಲಿ ಎರಡೂವರೆ ಎಂದಿದ್ದರೂ ಪರದೆ ಏಳುವಾಗ ಮೂರು ದಾಟುತ್ತಿತ್ತು. ತೀರ್ಥಹಳ್ಳಿಯ ಕೊನೆ ಬಸ್ಸು ಆರಕ್ಕೆ. ಹಾಗಾಗಿ ಯಾವ ನಾಟಕದ ಕೊನೆಯನ್ನೂ ನಾವು ನೋಡಿದವರಲ್ಲ! ವಿಲನ್ ಕತ್ತಿ ಎತ್ತಿದ ಹೊತ್ತಿಗೆ ಸರಿಯಾಗಿ ಟೀಚರ್ ಎದ್ದು ನಿಲ್ಲುತ್ತಿದ್ದರು. ನಾವು ಹಿಂದೆ ತಿರುಗಿ ನೋಡುತ್ತಾ, ಸೀರೆಯ ನೆರಿಗೆ ಎಡವುತ್ತಾ ಬಸ್ ಸ್ಟ್ಯಾಂಡಿಗೆ ಓಟ. ಟೀಚರ್ ಮಾತ್ರ ಹಿಂದೆ ಉಳಿದು, ಬಾಗಿಲು ಕಾಯುವವನ ಹತ್ತಿರ ಮುಂದೆ ಏನಾಗುತ್ತದೆ ಎಂದು ಕೇಳಿಕೊಂಡು ಬರುತ್ತಿದ್ದರು. ಬಸ್ಸು ಹೊರಟ ಮೇಲೆ ಡ್ರೈವರಿನ ಬೆನ್ನ ಹಿಂದಿನ ಸರಳು ಹಿಡಿದು, ನಮ್ಮ ಕಡೆ ಮುಖಮಾಡಿ ನಿಂತು ಕೊನೆಯ ಅಂಕ ಹೇಳುತ್ತಿದ್ದರು, ಹಾಡು ಬಂದಲ್ಲಿ ಹಾಡಿ, ಅಳು ಬಂದಲ್ಲಿ ಅತ್ತು. ಮಂಡಗದ್ದೆಯಲ್ಲಿ ಚಹಾಕ್ಕೆ ಬಸ್ಸು ನಿಲ್ಲುವ ಹೊತ್ತಿಗೆ ಮಂಗಳ. ಕಂಡಕ್ಟರ್ ಕೂಡ ಟಿಕೆಟು ಹರಿಯುವುದು ಬಿಟ್ಟು ಕೇಳುತ್ತಿದ್ದ. ಟೀಚರ್ ಹೇಳಿದ ಕೊನೆಯೇ ನಮ್ಮ ಪಾಲಿಗೆ ನಾಟಕದ ಕೊನೆ.

ಆ ವರ್ಷ ಅಕ್ಕ ಗಂಡನ ಮನೆಯಿಂದ ವಾಪಸು ಬಂದಿದ್ದಳು. ಕವಲೇದುರ್ಗದ ಕಡೆ ಕೊಟ್ಟಿದ್ದೆವು. ಬಂದಾಗ ಎಡಗೈ ಎತ್ತಲಾಗುತ್ತಿರಲಿಲ್ಲ. ಅವ್ವ ಎಣ್ಣೆ ಹಚ್ಚುವಾಗ ಬೆನ್ನು ನೋಡಿದೆ... ಅದನ್ನು ಬರೆಯಲಾರೆ. ಕೈ ಸ್ವಲ್ಪ ಸರಿಯಾದ ಮೇಲೆ ನನ್ನ ಜೊತೆ ಹೊಲಿಗೆ ತರಗತಿಗೆ ಬರತೊಡಗಿದಳು. ಮೂರು ತಿಂಗಳಾದ ಮೇಲೆ, ಮುಂದಿನ ಗುರುವಾರ ಬಂದು ಕರೆದುಕೊಂಡು ಹೋಗುತ್ತೇನೆಂದು ಬಾವ ಹೇಳಿಕಳಿಸಿದ. ಅಪ್ಪಯ್ಯ ಒಪ್ಪಿದರು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದು ಒಂದೇ ಗಾದೆಯಲ್ಲಿ ಮಾತು ಮುಗಿಸಿದರು. ಅಕ್ಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳ ಮೌನ ನೋಡಿ ನನಗೆ ಸಿಟ್ಟು ಬರುತ್ತಿತ್ತು.

ಆ ಗುರುವಾರಕ್ಕೆ ನಾಲ್ಕು ದಿನ ಮೊದಲು, ಭಾನುವಾರ ಬೆಳಿಗ್ಗೆಯೇ ಟೀಚರ್ ಬಂದು ಅಪ್ಪಯ್ಯನನ್ನು ಕೇಳಿದರು. “ಹೋಗೋದಕ್ಕೆ ಮುಂಚೆ ಒಂದ್ಸಲ ಶಿವಮೊಗ್ಗ ನೋಡ್ಕೊಂಡು ಬರ್ಲಿ ಬಿಡಿ.” ಹೇಗೂ ಹೋಗುವವಳಲ್ಲವೇ ಎಂದು ಅಪ್ಪಯ್ಯ ಕಳಿಸಿದರು.

ಗ್ರಹಚಾರಕ್ಕೆ ಅವತ್ತಿನ ಆಟವೂ ಅಂಥದ್ದೇ. ವಕೀಲನೊಬ್ಬ ಹೆಂಡತಿಯನ್ನು ಹೊಡೆದು ಮನೆಯಿಂದ ಆಚೆ ಹಾಕುತ್ತಾನೆ. ಅವಳು ಕೂಲಿನಾಲಿ ಮಾಡಿ ಬದುಕುತ್ತಾಳೆ. ಅಕ್ಕ ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡು ನೋಡುತ್ತಿದ್ದಳು. ಮಧ್ಯೆ ಪರದೆ ಬಿದ್ದಾಗ ಹಾಡಿನ ಪುಸ್ತಕ ಮಾರುವವನು ಬಂದ, ಒಂದು ಕೊಂಡಳು. ಕಡೆಗೆ ವಕೀಲ ಅವಳ ಗುಡಿಸಲ ಬಾಗಿಲಿಗೆ ಬಂದು ‘ನಡೆ ಮನೆಗೆ’ ಎಂದ. ಅಷ್ಟರಲ್ಲಿ ಟೀಚರ್ ಎದ್ದರು.

ಓಡುವ ಗಡಿಬಿಡಿಯಲ್ಲಿ ನನ್ನ ಒಂದು ಚಪ್ಪಲಿ ಬೆಂಚಿನ ಕೆಳಗೇ ಉಳಿದಿತ್ತು. ಹುಡುಕಿಕೊಂಡು ವಾಪಸು ಬಂದರೆ, ಬಾಗಿಲ ಹತ್ತಿರ ಟೀಚರ್ ನನಗೆ ಬೆನ್ನು ಹಾಕಿ ನಿಂತಿದ್ದರು. ಬಾಗಿಲು ಕಾಯುವವನು ಎಲೆಗೆ ಸುಣ್ಣ ಹಚ್ಚುತ್ತಾ ಹೇಳುತ್ತಿದ್ದ. “ಮುಂದ ಏನೈತ್ರಿ ಅಕ್ಕಾರ, ಗಂಡನ ಪಾದದ ಮ್ಯಾಲೆ ತಲಿ ಇಟ್ಟು, ತಪ್ಪಾತು ಅಂತ ಅತ್ತು ಅಲ್ಲೇ ಪ್ರಾಣ ಬಿಡ್ತಾಳ. ಮಂದಿ ಭಾಳ ಅಳ್ತಾರ ನೋಡ್ರಿ.”

“ತಪ್ಪು ಅವಳದಾ?” ಎಂದರು ಟೀಚರ್.

“ನನ್ನ ಕೇಳಿದ್ರ ಹ್ಯಾಂಗ್ರಿ? ಬರೆದಾಂವನ್ನ ಕೇಳ್ರಿ.”

ಬಸ್ಸು ಪೇಟೆ ದಾಟಿತು. ಟೀಚರ್ ಎಂದಿನಂತೆ ಏಳಲಿಲ್ಲ. “ಎಂತ ಟೀಚರ್, ಶುರು ಮಾಡಿ, ಹೊಟ್ಟೆ ಉರೀತಿದೆ” ಎಂದು ಹೆಂಗಸರು ಗಲಾಟೆ ಎಬ್ಬಿಸಿದ ಮೇಲೆ ಎದ್ದು ಸರಳು ಹಿಡಿದರು. ಹೇಳತೊಡಗಿದರು. ಅವಳು ಗಂಡನನ್ನು ಒಳಗೆ ಕರೆದಳಂತೆ. ಚಾಪೆ ಹಾಕಿದಳಂತೆ. ಬೆಲ್ಲ, ನೀರು ತಂದಿಟ್ಟಳಂತೆ.

“ಹುಬ್ಬಳ್ಳಿ ಕಡೆಯವ್ರೂ ನಮ್ಮ ಹಾಗೆ ಬೆಲ್ಲ ನೀರು ಕೊಡ್ತಾರಾ?” ಎಂದು ಹಿಂದಿನ ಸೀಟಿನ ಹೆಂಗಸೊಬ್ಬಳು ಕೇಳಿದಳು. ಟೀಚರ್ ಸಿಕ್ಕಿಬಿದ್ದರು ಎಂದುಕೊಂಡೆ.

“ಮನೆಗೆ ಬಂದವ್ರಿಗೆ ಯಾರಾದ್ರೂ ಕೊಡ್ತಾರೆ, ಸುಮ್ನಿರು ಮಾರಾಯ್ತಿ” ಎಂದು ಟೀಚರ್ ಗದರಿದರು.

ಆಗ ಅಕ್ಕ ಮೂರು ತಿಂಗಳಲ್ಲಿ ಮೊದಲ ಸಲ ತಾನಾಗಿ ಬಾಯಿ ಬಿಟ್ಟಳು. “ಅವ ನೀರು ಕುಡಿದ ಮೇಲೆ ಅವಳು ಎಂತ ಹೇಳಿದ್ಲು ಟೀಚರ್?”

ಟೀಚರ್ ಅವಳನ್ನೇ ನೋಡಿದರು. “ಬಂದ ದಾರೀಲೇ ಹೋಗಿ, ನಾನು ಬರಲ್ಲ ಅಂದ್ಲು. ಅಷ್ಟೇ. ಬಾಗಿಲು ಹಾಕ್ಕೊಂಡ್ಲು.”

ಮಂಡಗದ್ದೆಯಲ್ಲಿ ಇಳಿದಾಗ ಹಕ್ಕಿಗಳು ಗೂಡು ಸೇರುವ ಗಲಾಟೆ ಕಿವಿ ತುಂಬಿತ್ತು. ಅಕ್ಕ ಎರಡು ಲೋಟ ಚಹಾ ಕುಡಿದಳು.

ಗುರುವಾರ ಬಾವ ತನ್ನ ಸೋದರಮಾವನೊಬ್ಬನನ್ನು ಕರೆದುಕೊಂಡು ಬಂದ. ಅಕ್ಕ ಚಾಪೆ ಹಾಕಿದಳು. ಬೆಲ್ಲ, ನೀರು ತಂದಿಟ್ಟಳು. ಅವರು ಕುಡಿದು ಲೋಟ ಕೆಳಗಿಡುವ ತನಕ ಕಂಬ ಹಿಡಿದು ನಿಂತಿದ್ದು, “ಬಂದ ದಾರೀಲೇ ಹೋಗಿ, ನಾನು ಬರಲ್ಲ” ಎಂದಳು. ಅಪ್ಪಯ್ಯ ಕೂಗಾಡಿದರು, ಅವ್ವ ಅತ್ತಳು, ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡಳು. ನಾನು ಹಿತ್ತಿಲಿಗೆ ಹೋಗಿ ಒಬ್ಬಳೇ ನಕ್ಕೆ, ಆಮೇಲೆ ಅತ್ತೆ.

ಊರು ಸುಮ್ಮನಿದ್ದೀತೇ? ನಾಟಕ ತೋರಿಸಿ ಹೆಣ್ಣುಮಕ್ಕಳ ತಲೆ ಕೆಡಿಸಿದಳೆಂದು ಮಾತು ಹುಟ್ಟಿತು. ಶಿವಮೊಗ್ಗದ ಪ್ರಯಾಣ ನಿಂತಿತು. ತರಗತಿಗೆ ಒಬ್ಬೊಬ್ಬರೇ ತಪ್ಪಿಸತೊಡಗಿದರು. ಕಡೆಯ ತನಕ ಹೋದವರು ನಾನು, ಅಕ್ಕ ಇಬ್ಬರೇ. ಒಂದು ಬೆಳಿಗ್ಗೆ ಟೀಚರ್ ಟ್ರಂಕು ಹಿಡಿದು ಸಾಗರದ ಕಡೆ ಹೋಗುವ ಬಸ್ಸಿಗೆ ಕಾಯುತ್ತಿದ್ದರು. ನಾನು ಓಡಿಹೋದೆ. ಕೊರಳಿನ ಟೇಪು ತೆಗೆದು ನನ್ನ ಕೈಗಿಟ್ಟು, “ನಿಮ್ಮಕ್ಕಂಗೆ ಕೊಡು. ಕೈ ಚೆನ್ನಾಗಿದೆ ಅವಳದ್ದು, ಬಿಡಬಾರದು ಅಂತ ಹೇಳು” ಎಂದರು.

ತಡೆಯಲಾಗಲಿಲ್ಲ ನನಗೆ. “ಟೀಚರ್, ಬಾಗಿಲು ಕಾಯೋನು ಅವತ್ತು ಬೇರೆ ಹೇಳಿದ್ದ. ನಾನು ಕೇಳಿಸ್ಕೊಂಡೆ.”

ಅವರು ನನ್ನ ತೋಳು ಹಿಡಿದುಕೊಂಡರು. “ಅವಳಿಗೆ ಹೇಳಿದ್ಯಾ?”

“ಇಲ್ಲ.”

“ಹೇಳ್ಬೇಡ ಕಣೇ. ಮೋಸ ಮಾಡಿದೆ ನಾನು, ಗೊತ್ತು. ನಾಳೆ ಅವಳಿಗೇನಾದ್ರೂ ಕಷ್ಟ ಬಂದ್ರೆ ಆ ಪಾಪ ನಂದೇ.” ಕನ್ನಡಕ ತೆಗೆದು ಒರೆಸಿಕೊಂಡರು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಬಸ್ಸು ಬಂತು.

ಆಮೇಲೆ ಅವರನ್ನು ನೋಡಲಿಲ್ಲ. ಹೊಸನಗರದಲ್ಲಿ ಕಂಡರಂತೆ, ಸಾಗರದಲ್ಲಿ ಮನೆ ಮಾಡಿದ್ದಾರಂತೆ ಎಂದು ಅವರಿವರು ಹೇಳುತ್ತಿದ್ದರು. ಆಮೇಲೆ ತೀರಿಕೊಂಡರಂತೆ ಎಂದೂ ಒಬ್ಬರು ಹೇಳಿದರು... ಅಕ್ಕ ಅದೇ ಟೇಪಿನಿಂದ ಶುರುಮಾಡಿ ಐವತ್ತು ವರ್ಷ ತೀರ್ಥಹಳ್ಳಿಯ ಹೆಂಗಸರಿಗೆ ರವಿಕೆ ಹೊಲಿದಳು, ಯಾರ ಹಂಗಿಗೂ ಬೀಳದೆ ಬದುಕಿದಳು. ನಾನು ಕೊಟ್ಟ ಮಾತು ಉಳಿಸಿಕೊಂಡೆ. ಅವಳೆದುರು ಆ ನಾಟಕದ ಸುದ್ದಿಯನ್ನೇ ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ಈಗ ಪುಸ್ತಕದ ಕೊನೆಯ ಪುಟ ತೆರೆದರೆ ಅಲ್ಲಿ ಕೊನೆಯ ಹಾಡು ಅಚ್ಚಾಗಿದೆ. ಹೆಂಡತಿ ಗಂಡನ ಪಾದ ಹಿಡಿದು, ತನ್ನದೇ ತಪ್ಪೆಂದು ಹಾಡುತ್ತಾ ಸಾಯುವ ಹಾಡು. ಆ ಹಾಡಿನ ಮೇಲೆ ನೀಲಿ ಪೆನ್ಸಿಲಿನ ಗೀಟು, ರವಿಕೆ ಬಟ್ಟೆಯ ಮೇಲೆ ಕತ್ತರಿಸುವ ಜಾಗಕ್ಕೆ ಎಳೆಯುತ್ತಾಳಲ್ಲ ಹಾಗೆ, ಈ ಕೊನೆಯಿಂದ ಆ ಕೊನೆಗೆ. ಕೆಳಗೆ ಅಕ್ಕನ ಗುಂಡು ಅಕ್ಷರ: ‘ಬಂದ ದಾರೀಲೇ ಹೋಗಿ, ನಾನು ಬರಲ್ಲ.’

ಅವತ್ತು ಚಪ್ಪಲಿ ಸಿಕ್ಕಿಸಿಕೊಂಡು ನಾನು ಬಸ್ಸು ಹತ್ತಿದಾಗ ಅಕ್ಕ ಕಿಟಕಿಯ ಪಕ್ಕ ತಲೆ ಬಗ್ಗಿಸಿ ಇದೇ ಪುಸ್ತಕ ಓದುತ್ತಿದ್ದಳು. ಅದು ಈಗ ನೆನಪಾಗುತ್ತಿದೆ. ಅಂದರೆ ಟೀಚರ್ ಬಸ್ಸಿನಲ್ಲಿ ಎದ್ದು ಸರಳು ಹಿಡಿಯುವ ಮೊದಲೇ ಅವಳಿಗೆ ಕೊನೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದಳು, ಅವಳು ಎಂತ ಹೇಳಿದ್ಲು ಟೀಚರ್ ಎಂದು.

ನೀವು ಅವಳಿಗೆ ಮೋಸ ಮಾಡಿರಲಿಲ್ಲ ಟೀಚರ್. ಸಾಗರ ಎಷ್ಟು ದೂರವಿತ್ತು? ಬೆಳಗಿನ ಬಸ್ಸು ಹತ್ತಿದ್ದರೆ ಅಕ್ಕ, ನಾನು ನಿಮಗಿದನ್ನು ಹೇಳಿ ಸಂಜೆಗೆ ತಿರುಗಿ ಬರಬಹುದಿತ್ತು. ಬಾಯಿಬಡುಕಿಯಲ್ಲ ಎಂದು ಹೆಮ್ಮೆಪಟ್ಟುಕೊಂಡು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತೆ. ಈಗ ಹೇಳೋಣವೆಂದರೆ ನೀವೂ ಇಲ್ಲ, ಅವಳೂ ಇಲ್ಲ.