ಬಸ್ ನಿಲ್ದಾಣದ ಹುಡುಕಮ್ಮ

ಬೆಳಗಿನ ಮೊದಲ ಬಸ್ಸು ಇನ್ನೂ ಬಂದಿಲ್ಲ. ನಿಲ್ದಾಣದ ಕಬ್ಬಿಣದ ಬೆಂಚಿನ ಮೇಲೆ ಇಬ್ಬನಿ ಕೂತಿದೆ. ಅದನ್ನು ಕರವಸ್ತ್ರದಿಂದ ಒರೆಸಿ ಕೂರುವ ಐವತ್ತು ದಾಟಿದ ಹೆಂಗಸು, ಪಕ್ಕದಲ್ಲಿ ಆಕಳಿಸುತ್ತಿರುವ ಯುವತಿಯತ್ತ ತಿರುಗುತ್ತಾರೆ.

"ಒಂದು ಉಪಕಾರ ಮಾಡ್ತೀಯೇನಮ್ಮ? ನಿನ್ನ ಫೋನಲ್ಲಿ ‘ಕೊಡೆ ರಿಪೇರಿ’ ಅಂತ ಹುಡುಕಿ ಹೇಳು. ಫೋನು ನನಗೆ ಕೊಡಬೇಡ, ನಿನ್ನ ಕೈಯಲ್ಲೇ ಇರಲಿ."

"ಮಳೆನೇ ಇಲ್ವಲ್ಲ ಆಂಟಿ!"

"ಮಳೆ ಬಂದ್ಮೇಲೆ ಹುಡುಕಿದ್ರೆ ಅಷ್ಟರಲ್ಲಿ ನೆಂದಿರ್ತೀಯ."

ಯುವತಿ ನಗುತ್ತಾ ಟೈಪ್ ಮಾಡಿ, ಪರದೆಯ ಮೇಲೆ ಬಂದ ಹೆಸರುಗಳನ್ನು ಒಂದೊಂದಾಗಿ ಓದುತ್ತಾಳೆ. ಮೂರನೆಯ ಹೆಸರು ಕಿವಿಗೆ ಬೀಳುತ್ತಲೇ ಈ ಹೆಂಗಸಿನ ಮುಖ ಅರಳುತ್ತದೆ. "ಹೋದ ವಾರ ಎರಡನೇ ಪುಟದಲ್ಲಿ ಬಿದ್ದಿದ್ದ ಮನುಷ್ಯ ಇವನು. ಎದ್ದು ಬಂದ ನೋಡು!"

ಈ ಬೆಂಚಿನವರೆಲ್ಲ ಅವರನ್ನು ಹುಡುಕಮ್ಮ ಎನ್ನುತ್ತಾರೆ. ಸಣ್ಣಪುಟ್ಟ ಅಂಗಡಿಗಳ ವೆಬ್‌ಸೈಟುಗಳು ಇಂಟರ್ನೆಟ್ಟಿನಲ್ಲಿ ಹುಡುಕುವವರ ಕಣ್ಣಿಗೆ ಬೀಳುವಂತೆ ಮಾಡುವುದು ಅವರ ಕಸುಬು. ಕಚೇರಿಯೆಂದರೆ ಮನೆಯ ಊಟದ ಮೇಜಿನ ಒಂದು ತುದಿ. ಇನ್ನೊಂದು ತುದಿಯಲ್ಲಿ ಅತ್ತೆ ತರಕಾರಿ ಹೆಚ್ಚುತ್ತಿರುತ್ತಾರೆ. "ಊರವರ ಅಂಗಡಿಯನ್ನೆಲ್ಲ ಹುಡುಕಿಸಿಕೊಡ್ತಾಳೆ, ಅವಳ ಕನ್ನಡಕ ಮಾತ್ರ ದಿನಾ ನಾನೇ ಹುಡುಕಬೇಕು" ಎನ್ನುವ ಅತ್ತೆಯ ದನಿಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚು.

ಚಿಕ್ಕ ವಯಸ್ಸಿನಲ್ಲಿ ಅವರದು ಟೆಲಿಫೋನ್ ವಿಚಾರಣೆಯ ಕೆಲಸ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಜನ ಕೇಳಿದ ನಂಬರು ಹುಡುಕಿ ಹೇಳುವುದು. "ಯಾರೂ ಹೆಸರು ಹೇಳ್ತಿರಲಿಲ್ಲ. ‘ಸೇತುವೆ ಪಕ್ಕ, ಮೆಟ್ಟಿಲು ಹತ್ತಬೇಕಲ್ಲ, ಆ ಹಲ್ಲು ಡಾಕ್ಟ್ರು’ ಅಂತಿದ್ರು. ಡಾಕ್ಟ್ರಿಗೆ ತನ್ನ ಬೋರ್ಡು ದೊಡ್ಡದು. ನೋವು ಇಟ್ಕೊಂಡು ಹತ್ತಿದವರಿಗೆ ಮೆಟ್ಟಿಲೇ ನೆನಪಿರೋದು." ಆ ವಿಭಾಗ ಮುಚ್ಚಿದ ದಿನ ಹೆಡ್‌ಫೋನ್ ಒಪ್ಪಿಸಿ ಮನೆಗೆ ಬಂದವರು, ಮಗಳ ಶಾಲೆ, ಮಾವನ ಕಾಯಿಲೆಗಳ ನಡುವೆ ಬಹಳ ವರ್ಷ ಕಳೆದುಹೋಗುತ್ತಾರೆ. "ಆಗಲೂ ಎಲ್ರೂ ನನ್ನನ್ನೇ ಕೇಳ್ತಿದ್ರು. ಕತ್ತರಿ ಎಲ್ಲಿ, ಮಾತ್ರೆ ಎಲ್ಲಿ, ನನ್ನ ಕಾಲುಚೀಲ ಎಲ್ಲಿ. ಆದ್ರೆ ಅದನ್ನ ಕೆಲಸ ಅಂತ ಯಾರೂ ಕರೀಲಿಲ್ಲ ನೋಡಿ." ಮಗಳು ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದು ಅಮ್ಮನ ಪಾಲಿಗೆ ಬರುತ್ತದೆ. ಅದರ ಮುಂದೆ ಕೂತು, ತಪ್ಪಿ, ಮತ್ತೆ ಕೂತು, ಈ ಕಸುಬನ್ನು ಅವರು ತಾವೇ ಕಲಿಯುತ್ತಾರೆ.

ಈಗ ಅವರ ಮನಸ್ಸನ್ನು ಕೊರೆಯುತ್ತಿರುವುದು ಕೊಡೆಯಲ್ಲ, ಒಬ್ಬ ದರ್ಜಿ ಹೆಂಗಸಿನ ಪುಟ್ಟ ಅಂಗಡಿ. ಕಾಯಿಲೆಯಿಂದಾಗಿ ಒಂದು ಸ್ತನ ತೆಗೆಸಿಕೊಂಡ ಹೆಂಗಸರಿಗೆ ಆಕೆ ಒಳಉಡುಪು ಹೊಲಿಯುತ್ತಾರೆ. ಒಳಗೊಂದು ಮೆತ್ತನೆಯ ಚೀಲ. ಎರಡೂ ಕಡೆ ಭಾರ ಸಮನಾಗುವಂತೆ ಅದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತುಂಬುತ್ತಾರೆ. ಕೈಕೆಲಸ ಅಪ್ಪಟ, ಗಿರಾಕಿಗಳು ಮಾತ್ರ ಅಪರೂಪ. ಈ ತಿಂಗಳ ಕೊನೆಯೊಳಗೆ ನಾಲ್ಕು ಜನ ಬಾಗಿಲು ತಟ್ಟದಿದ್ದರೆ ಅಂಗಡಿಯ ಬೀಗದ ಕೈ ಮಾಲೀಕರಿಗೆ ಕೊಟ್ಟು, ಮತ್ತೆ ಗಾರ್ಮೆಂಟ್ ಕಾರ್ಖಾನೆಯ ಸಾಲಿನಲ್ಲಿ ದಿನವಿಡೀ ಕಾಲರ್ ಹೊಲಿಯಲು ಕೂರಬೇಕು.

ಮೊದಲ ಭೇಟಿಯಲ್ಲಿ ದರ್ಜಿಯ ಗಂಡ ಗೆಲುವಾಗಿಯೇ ಫೋನು ಚಾಚುತ್ತಾರೆ. "ವೆಬ್‌ಸೈಟಲ್ಲಿ ಏನೂ ತೊಂದ್ರೆ ಇಲ್ಲ ಮೇಡಂ. ದಿನಾ ಎದ್ದ ತಕ್ಷಣ ಹುಡುಕ್ತೀನಿ, ನಾವೇ ಫಸ್ಟು! ನನ್ನ ತಮ್ಮನ ಫೋನಲ್ಲೂ ಫಸ್ಟು!"

"ದಿನಾ ಅದನ್ನೇ ನೋಡ್ತೀರಲ್ಲ, ನಿಮ್ಮ ಫೋನಿಗೆ ನಿಮ್ಮಿಷ್ಟ ಗೊತ್ತಾಗಿದೆ" ಎನ್ನುತ್ತಾರೆ ಹುಡುಕಮ್ಮ. "ಅದೀಗ ನಿಮ್ಮನೆ ಮಗು ಇದ್ದ ಹಾಗೆ. ಲೋಕದಲ್ಲಿ ಯಾರು ಚೆಂದ ಅಂತ ಕೇಳಿದ್ರೆ ಅಮ್ಮನ್ನೇ ತೋರಿಸುತ್ತೆ. ಪಕ್ಕದ ಮನೆ ಮಗೂನ ಕೇಳಬೇಕು." ಅವರು ನಸುಕಿಗೇ ಬಸ್ ನಿಲ್ದಾಣಕ್ಕೆ ಹೋಗುವುದು ಇದಕ್ಕೇ. ಪಕ್ಕದ ಮನೆ ಮಕ್ಕಳೆಲ್ಲ ಅಲ್ಲಿ ಬಸ್ಸಿಗೆ ಕಾಯುತ್ತಿರುತ್ತಾರೆ.

ಆ ಮಕ್ಕಳ ಉತ್ತರ ಖಾರವಾಗಿದೆ. ಮೂರು ಪುಟ ತಿರುವಿದರೂ ದರ್ಜಿಯ ಸುಳಿವಿಲ್ಲ. ಫೋನಿನ ನಕ್ಷೆಯಲ್ಲಿ ಹುಡುಕಿದರೆ ಗುರುತು ತೋರಿಸುವುದು ಹಿಂದಿನ ಬೀದಿಯ ಸ್ಕೂಟರ್ ಗ್ಯಾರೇಜನ್ನು. ಗಂಡ ಅಲ್ಲಿ ಗಾಡಿ ರಿಪೇರಿಗೆ ಬಿಟ್ಟು, ಬೇಸರ ಕಳೆಯಲು ನಿಂತಲ್ಲೇ ಅಂಗಡಿಯ ಗುರುತು ಒತ್ತಿಬಿಟ್ಟಿದ್ದಾರೆ. "ಅದಕ್ಕೇನಾ!" ಎಂದು ವಿಷಯ ತಿಳಿದ ಗ್ಯಾರೇಜಿನವನು ಹಣೆ ಚಚ್ಚಿಕೊಳ್ಳುತ್ತಾನೆ. "ಆಗಾಗ ಯಾರಾದ್ರೂ ಹೆಂಗಸರು ಬಂದು ನಿಲ್ತಾರೆ. ಏನಮ್ಮ ಪ್ರಾಬ್ಲಮ್ಮು, ಬ್ರೇಕಾ ಅಂತ ಕೇಳಿದ್ರೆ ಮಾತಾಡದೆ ಹೋಗ್ಬಿಡ್ತಾರೆ."

ಹುಡುಕಮ್ಮ ಮೊದಲು ಗುರುತನ್ನು ಗ್ಯಾರೇಜಿನಿಂದ ಎತ್ತಿ ಅಂಗಡಿಯ ಬಾಗಿಲಿಗೆ ತರುತ್ತಾರೆ. ಆಮೇಲೆ ವೆಬ್‌ಸೈಟಿನ ತುಂಬ ಹರಡಿಕೊಂಡ ಗುಲಾಬಿಯ ಚಿತ್ರ ತೆಗೆಯುತ್ತಾರೆ. "ಈ ಗುಲಾಬಿ ಫೋನಲ್ಲಿ ಅರಳೋ ಹೊತ್ತಿಗೆ ಬಂದವಳು ಎದ್ದು ಹೋಗಿರ್ತಾಳೆ." ಅದರ ಕೆಳಗೆ ಇದ್ದದ್ದು ‘ಮಹಿಳೆಯರ ವಿಶೇಷ ಉಡುಪುಗಳು’ ಎಂಬ ಒಂದೇ ಸಾಲು. ಜಗಳ ಶುರುವಾಗುವುದು ಇಲ್ಲಿ.

"ಅದನ್ನೆಲ್ಲ ಬಿಡಿಸಿ ಬರೆಯೋಕೆ ನಾಚಿಕೆ ಆಗಲ್ವಾ ಅಕ್ಕಾ?" ಎನ್ನುತ್ತಾರೆ ದರ್ಜಿ.

"ಹೊಲಿಯೋಕೆ ನಾಚಿಕೆನಾ?"

"ಅಯ್ಯೋ, ಅದ್ಯಾಕೆ?"

"ಮತ್ತೆ ಬರೆಯೋಕ್ಯಾಕೆ? ಬಾಯಲ್ಲಿ ಕೇಳೋಕಾಗದ್ದನ್ನ ಹೆಂಗಸರು ಬಾಗಿಲು ಹಾಕ್ಕೊಂಡು ಬೆರಳಲ್ಲಿ ಕೇಳ್ತಾರೆ. ಅವರು ಕೇಳೋ ಮಾತು ಇಲ್ಲಿ ಇಲ್ಲದಿದ್ರೆ ನೀನು ಇದ್ದೀಯ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?"

ಎರಡು ದಿನ ಹುಡುಕಮ್ಮ ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಸುಮ್ಮನೆ ಕೂರುತ್ತಾರೆ. ಬಂದ ಇಬ್ಬರೇ ಇಬ್ಬರು ಹೆಂಗಸರು ಅಳತೆ ಕೊಡುವಾಗ ಕೇಳಿದ ಪ್ರಶ್ನೆಗಳು, ಅವರ ಒಪ್ಪಿಗೆಯೊಂದಿಗೆ, ವೆಬ್‌ಸೈಟಿನಲ್ಲಿ ಅದೇ ಮಾತುಗಳಲ್ಲಿ ಕೂರುತ್ತವೆ. ಓಡಿದರೆ ಜಾರುತ್ತಾ? ಮೊಮ್ಮಗುವನ್ನು ಎತ್ತಿಕೊಂಡರೆ ಗೊತ್ತಾಗುತ್ತಾ? ಅಳತೆ ಕೊಡುವಾಗ ಬೇರೆ ಯಾರಾದರೂ ಇರುತ್ತಾರಾ? ಪ್ರತಿಯೊಂದಕ್ಕೂ ದರ್ಜಿ ಹೊಲಿಗೆ ನಿಲ್ಲಿಸದೆಯೇ ಹೇಳಿದ ಉತ್ತರ ಕೆಳಗಿದೆ. ಕೊನೆಯ ಪ್ರಶ್ನೆಗೆ ಉತ್ತರ: "ಇಲ್ಲ. ನಾನೊಬ್ಬಳೇ. ಬಾಗಿಲು ಹಾಕಿರುತ್ತೆ."

ಆಮೇಲಿನ ದಿನಗಳು ಕಾಯುವುದರಲ್ಲೇ ಕಳೆಯುತ್ತವೆ. ದರ್ಜಿ ದಿನಕ್ಕೆರಡು ಸಲ ಫೋನು ಮಾಡುತ್ತಾರೆ. "ಹೆಪ್ಪು ಹಾಕಿದ ಪಾತ್ರೆ ಅಲ್ಲಾಡಿಸಿ ಅಲ್ಲಾಡಿಸಿ ನೋಡಿದ್ರೆ ಮೊಸರಾಗಲ್ಲ ಕಣೆ" ಎಂದು ಸಮಾಧಾನ ಹೇಳುವ ಹುಡುಕಮ್ಮನೇ, ಹೇಳಿ ಮುಗಿಸಿ ಬಸ್ ನಿಲ್ದಾಣಕ್ಕೆ ಪಾತ್ರೆ ಅಲ್ಲಾಡಿಸಲು ಹೊರಡುತ್ತಾರೆ.

ತಿಂಗಳ ಕೊನೆಯ ವಾರ, ಅದೇ ಬೆಂಚು. ಪಕ್ಕದಲ್ಲಿ ಕಚೇರಿ ಗುಡಿಸುವ ಕೆಲಸಕ್ಕೆ ಹೊರಟ ಹೆಂಗಸು. ಬಲ ಹೆಗಲು ಕೊಂಚ ಮುಂದಕ್ಕೆ ಬಾಗಿದೆ. ಹುಡುಕಮ್ಮ ಮೆಲ್ಲನೆ ಕೇಳುತ್ತಾರೆ, ಆಕೆ ಟೈಪ್ ಮಾಡುತ್ತಾರೆ.

"ಮೊದಲು ಯಾವುದು ಬಂತಮ್ಮ?"

ಬಸ್ಸು ಬಂದು ನಿಂತು ಹೊರಟೂ ಹೋಗುತ್ತದೆ. ಆಕೆ ಎದ್ದಿಲ್ಲ. ಬೆರಳು ಪರದೆಯ ಮೇಲೆ ನಿಧಾನವಾಗಿ ಸರಿಯುತ್ತಿದೆ.

"ಬಾಗಿಲು ಹಾಕಿರುತ್ತೆ ಅಂತ ಬರೆದಿದಾರೆ" ಎನ್ನುತ್ತಾರೆ ಕೊನೆಗೆ. "ನಿಜವಾಗ್ಲೂ ಹಾಕಿರ್ತಾರಾ?"

"ಚಿಲಕಾನೂ ಹಾಕಿರ್ತಾರೆ. ನಾನೇ ನೋಡಿದೀನಿ."

ಆ ವಾರ ಬಾಗಿಲು ತಟ್ಟಿದವರಲ್ಲಿ ಈಕೆ ಮೂರನೆಯವರು. ಐದನೆಯವರು ಬಂದ ಸಂಜೆ, ದರ್ಜಿಯ ಗಂಡ ಮಾಲೀಕರ ಮನೆಗೆ ಹೋಗುತ್ತಾರೆ, ಬೀಗದ ಕೈ ಕೊಡಲಲ್ಲ, ಅಂಗಡಿ ಬಿಡುವುದಿಲ್ಲ ಎಂದು ಹೇಳಿಬರಲು. ಗುರುತು ಬದಲಾದದ್ದು ಗೊತ್ತಿಲ್ಲದೆ ಇನ್ನೂ ಯಾರಾದರೂ ಬಂದಾರೆಂದು ಗ್ಯಾರೇಜಿನವನು ಗೋಡೆಯ ಮೇಲೆ ಸುಣ್ಣದಲ್ಲಿ ಒಂದು ಬಾಣ ಬರೆದಿದ್ದಾನೆ. ಅವನನ್ನು ಯಾರೂ ಕೇಳಿಕೊಂಡಿಲ್ಲ.

ಇನ್ನೊಂದು ಬೆಳಗು, ಮತ್ತೆ ಇಬ್ಬನಿ. ಗುಡಿಸುವ ಕೆಲಸದಾಕೆ ಬರುತ್ತಾರೆ. ಎರಡೂ ಹೆಗಲು ನೇರ. ಬೆಂಚಿನಲ್ಲಿ ಕೂತು, ಕೇಳುವ ಮೊದಲೇ ಫೋನು ತೆಗೆಯುತ್ತಾರೆ.

"ಇವತ್ತೇನು ಹುಡುಕಬೇಕು ಹೇಳಿ. ಆ ದರ್ಜಿಯಮ್ಮನದೇ ಇನ್ನೊಂದ್ಸಲ ನೋಡ್ಲಾ?"

"ನಿನ್ನ ಫೋನಲ್ಲಾ? ಬೇಡಮ್ಮ" ಎಂದು ಹುಡುಕಮ್ಮ ಗಟ್ಟಿಯಾಗಿ ನಗುತ್ತಾರೆ. "ಅದೀಗ ನಮ್ಮನೆ ಮಗು ಆಗ್ಬಿಟ್ಟಿದೆ."